ರಶೀದಿ ಪುಸ್ತಕಕ್ಕಿಂತ ಮೊದಲು ಯುಡಿಐಡಿ ಕಾರ್ಡ್

ಮಗುವಿನ ಚಿಕಿತ್ಸೆಗೆ ಸಹಾಯ ಕೇಳುವ ವಾಟ್ಸ್‌ಆ್ಯಪ್ ಸಂದೇಶ ನಮ್ಮಲ್ಲಿ ಯಾರ ಮೊಬೈಲಿಗೆ ಬಂದಿಲ್ಲ ಹೇಳಿ? ಮಗುವಿನ ಒಂದು ಫೋಟೊ, ಆಸ್ಪತ್ರೆಯ ಬಿಲ್ಲು, ಜಮಾಅತ್ ಅಧ್ಯಕ್ಷರ ಸಹಿ ಇರುವ ಲೆಟರ್‌ಹೆಡ್, ಕೊನೆಗೆ ಬ್ಯಾಂಕ್ ಖಾತೆಯ ನಂಬರ್. ನಾವು ಕೈಲಾದದ್ದು ಕಳುಹಿಸುತ್ತೇವೆ, ನಾಲ್ಕು ಗ್ರೂಪಿಗೆ ಫಾರ್ವರ್ಡ್ ಮಾಡುತ್ತೇವೆ. ಒಳ್ಳೆಯದೇ. ಆದರೆ ಆ ಮನೆಯವರಲ್ಲಿ ಒಮ್ಮೆ ಕೇಳಿ ನೋಡಿ, "ಮಗುವಿನ ಯುಡಿಐಡಿ ಕಾರ್ಡ್ ಆಗಿದೆಯಾ?" ಎಂದು. "ಅದೆಂತ ಕಾರ್ಡ್?" ಎನ್ನುವವರೇ ಹೆಚ್ಚು. ಹುಟ್ಟಿದಾಗಿನಿಂದ ನಡೆಯದ, ಎಂಟು ಹತ್ತು ವರ್ಷದ ಮಗು ಮನೆಯಲ್ಲಿದೆ. ಸರಕಾರದ ಪುಸ್ತಕದಲ್ಲಿ ಮಾತ್ರ ಆ ಮಗು ಇಲ್ಲ.

ದಾನ ಒಂದು ಸಲ ಬರುತ್ತದೆ, ಮಗುವಿನ ಖರ್ಚು ತಿಂಗಳು ತಿಂಗಳು ಬರುತ್ತದೆ. ತಿಂಗಳು ತಿಂಗಳು ಬರಬೇಕಾದ ಹಣಕ್ಕೆ ದಾರಿ ಬೇರೆ ಉಂಟು. ಆ ದಾರಿಯ ಬಾಗಿಲು ಈ ಕಾರ್ಡ್.

ಅಂಗವೈಕಲ್ಯ ಎಂದರೆ ಕೈಕಾಲು ಇಲ್ಲದವರು, ಕಣ್ಣು ಕಾಣದವರು ಮಾತ್ರ ಎಂದು ಇನ್ನೂ ತಿಳಿದವರಿದ್ದಾರೆ. 1995ರ ಹಳೆಯ ಕಾನೂನಿನಲ್ಲಿ ಇದ್ದದ್ದು ಏಳು ವಿಧ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಅದು 21 ಆಗಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಕಲಿಕೆಯ ತೊಂದರೆ, ಬೌದ್ಧಿಕ ನ್ಯೂನತೆ ಎಲ್ಲವೂ ಇದರಲ್ಲಿ ಸೇರಿವೆ. ತಿಂಗಳು ತಿಂಗಳು ರಕ್ತ ಕೊಡಿಸಬೇಕಾದ ಥಲಸ್ಸೀಮಿಯಾ, ಗಾಯವಾದರೆ ರಕ್ತ ನಿಲ್ಲದ ಹಿಮೋಫಿಲಿಯಾ ಕೂಡ. ನೋಡಲು ಏನೂ ಇಲ್ಲದಂತೆ ಕಾಣುವ ಮಗುವಿಗೂ ಹಕ್ಕು ಉಂಟು ಎಂಬುದು ಎಷ್ಟೋ ಉಮ್ಮಂದಿರಿಗೆ ಗೊತ್ತೇ ಇಲ್ಲ.

ಗೊತ್ತಿದ್ದರೂ ಹೋಗದ ಮನೆಗಳಿವೆ. ಅಲ್ಲಿ ಅಡ್ಡಿ ಕಾಗದದ್ದಲ್ಲ, ಮರ್ಯಾದಿಯದ್ದು. "ಕಾರ್ಡ್ ಮಾಡಿಸಿದರೆ ಊರಿಗೆಲ್ಲ ಗೊತ್ತಾಗ್ತದೆ, ನಾಳೆ ದೊಡ್ಡ ಮಗಳಿಗೆ ಸಂಬಂಧ ಬರ್ಲಿಕ್ಕೆ ಉಂಟಲ್ವಾ" ಎನ್ನುವ ಮಾತು ಕೇಳದ ಮೊಹಲ್ಲಾ ಇರಲಿಕ್ಕಿಲ್ಲ. ಇನ್ನು ಕೆಲವರು ಮೂರು ನಾಲ್ಕು ವರ್ಷ ಮಂತ್ರಿಸಿದ ನೀರು, ನೂಲು ಎಂದು ಕಾಯುತ್ತಾರೆ. ದುಆ ಇರಲಿ, ಅದನ್ನು ಬೇಡ ಎನ್ನುವವರು ಯಾರು? ಆದರೆ ಅಷ್ಟರಲ್ಲಿ ಮಗುವಿಗೆ ಬಹಳ ಬೇಕಾದ ವರ್ಷಗಳು ಕಳೆದಿರುತ್ತವೆ. ಕಿವಿ ಕೇಳದ ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್ ಉಚಿತವಾಗಿ ಸಿಗುವುದು ಎಳೆಯ ವಯಸ್ಸಿನಲ್ಲಿ ಮಾತ್ರ. ವಯಸ್ಸು ದಾಟಿದ ಮೇಲೆ ಯಾವ ಶಿಫಾರಸೂ ನಡೆಯುವುದಿಲ್ಲ.

ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರಕಾರಿ ಶಾಲೆಗೆ ಒಂದು ಸಲ ವೈದ್ಯರ ತಂಡ ಬರುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅದರ ಹೆಸರು. ಆ ದಿನ ಮಗುವನ್ನು ಮನೆಯಲ್ಲಿ ಅಡಗಿಸಿಡಬೇಡಿ. ಅಷ್ಟಾದರೂ ಮಾಡಿ.

ಕಾರ್ಡಿನ ಅರ್ಜಿ ಹಾಕುವುದು ಸ್ವಾವಲಂಬನ್ ಪೋರ್ಟಲ್‌ನಲ್ಲಿ. ಮೊಬೈಲಿನಲ್ಲೇ ಆಗುತ್ತದೆ. ಆಗದಿದ್ದರೆ ಗ್ರಾಮ ಒನ್‌ನಲ್ಲಿ ಮಾಡಿಸಬಹುದು. ಮಗುವಿನ ಆಧಾರ್, ಫೋಟೊ, ವಿಳಾಸದ ದಾಖಲೆ, ಹಳೆಯ ಚಿಕಿತ್ಸೆಯ ಕಾಗದ ಇದ್ದರೆ ಸಾಕು. ಆಸ್ಪತ್ರೆ ಆಯ್ಕೆ ಮಾಡಿದ ಮೇಲೆ ಪರೀಕ್ಷೆಗೆ ಕರೆ ಬರುತ್ತದೆ. ಮಂಗಳೂರಿನವರಿಗೆ ಜಿಲ್ಲಾಸ್ಪತ್ರೆ ಎಂದರೆ ವೆನ್‌ಲಾಕ್. ಅಲ್ಲಿ ವೈದ್ಯರು ನೋಡಿ ಶೇಕಡಾವಾರು ಬರೆಯುತ್ತಾರೆ. ಶೇ. 40 ಮತ್ತು ಅದಕ್ಕಿಂತ ಮೇಲೆ ಇದ್ದರೆ ಹೆಚ್ಚಿನ ಸವಲತ್ತಿಗೆ ಅರ್ಹತೆ. 40ರಿಂದ 80ರ ಒಳಗೆ ಹಳದಿ ಕಾರ್ಡ್, 80 ಮತ್ತು ಮೇಲೆ ನೀಲಿ, 40ಕ್ಕಿಂತ ಕಡಿಮೆ ಇದ್ದರೆ ಬಿಳಿ. ಕಾರ್ಡಿಗೆ ಶುಲ್ಕ ಇಲ್ಲ. "ಇಷ್ಟು ಕೊಟ್ಟರೆ ಪರ್ಸೆಂಟ್ ಜಾಸ್ತಿ ಹಾಕಿಸಿ ಕೊಡ್ತೇನೆ" ಎನ್ನುವವ ಸಿಕ್ಕಿದರೆ ಅಲ್ಲಿಂದ ಎದ್ದು ಬನ್ನಿ.

ಒಂದು ವಿಷಯ ಗಟ್ಟಿಯಾಗಿ ಹೇಳಬೇಕು: ಯುಡಿಐಡಿ ಕಾರ್ಡಿಗೆ ಆದಾಯದ ಮಿತಿ ಇಲ್ಲ. ಬಾಪ ಗಲ್ಫಿನಲ್ಲಿ ದುಡಿಯುತ್ತಾರೆ, ಎಪಿಎಲ್ ರೇಷನ್ ಕಾರ್ಡ್, ನಮಗೆಂತ ಸಿಗ್ತದೆ ಎಂದು ಕೈಬಿಟ್ಟ ಮನೆಗಳು ಬಹಳ. ಪಿಂಚಣಿ ಸಿಗದಿರಬಹುದು. ಶಾಲೆ, ವಿಮೆ, ಪ್ರಯಾಣದ ರಿಯಾಯಿತಿ, ಮುಂದೆ ಉದ್ಯೋಗದ ಮೀಸಲಾತಿ, ಇವೆಲ್ಲ ಈ ಕಾರ್ಡಿನ ಮೇಲೆಯೇ ನಿಂತಿವೆ.

ಇನ್ನು ನಮ್ಮವರ ಅರ್ಜಿ ಎಲ್ಲಿ ಸಿಕ್ಕಿಬೀಳುತ್ತದೆ? ಹೆಸರಿನಲ್ಲಿ. ಜನನ ಪ್ರಮಾಣಪತ್ರದಲ್ಲಿ ಮುಹಮ್ಮದ್, ಆಧಾರ್‌ನಲ್ಲಿ ಮೊಹಮ್ಮದ್, ರೇಷನ್ ಕಾರ್ಡಿನಲ್ಲಿ ಮಹಮ್ಮದ್, ಶಾಲೆಯಲ್ಲಿ ಬರೀ ಎಂ.ಡಿ. ಇಂಗ್ಲಿಷಿನಲ್ಲಂತೂ ಕೇಳುವುದೇ ಬೇಡ. ಉಮ್ಮನ ಹೆಸರು ಒಂದು ಕಡೆ ಖದೀಜ, ಇನ್ನೊಂದು ಕಡೆ ಕತೀಜಮ್ಮ, ಮತ್ತೊಂದು ಕಡೆ ತಂದೆಯ ಹೆಸರಿನ ಇನಿಶಿಯಲ್ ಮುಂದೆ, ಪಾಸ್‌ಪುಸ್ತಕದಲ್ಲಿ ಹಿಂದೆ. ನಮಗೆ ಎಲ್ಲವೂ ಒಂದೇ ಜನ. ಕಂಪ್ಯೂಟರಿಗೆ ನಾಲ್ಕು ಜನ. ಮಗುವಿನ ಹೆಸರನ್ನು ಜನನ ಪ್ರಮಾಣಪತ್ರದಲ್ಲಿ ಹೇಗಿದೆಯೋ ಹಾಗೆಯೇ, ಅಕ್ಷರಕ್ಕೆ ಅಕ್ಷರ, ಆಧಾರ್‌ನಲ್ಲಿ ಮಾಡಿಸಿಕೊಳ್ಳಿ. ಬಾಕಿ ಎಲ್ಲ ಅದರ ಮೇಲೆ ಹೋಗಲಿ. ಈ ಒಂದು ಕೆಲಸ ಮೊದಲು ಆದರೆ ಹತ್ತು ಸಲ ಕಚೇರಿಗೆ ಅಲೆಯುವುದು ಉಳಿಯುತ್ತದೆ.

ಆಧಾರ್ ಬಗ್ಗೆಯೇ ಇನ್ನೊಂದು ಮಾತು. ಮಗುವಿಗೆ ಐದು ವರ್ಷ ಆದಾಗ ಮತ್ತು ಹದಿನೈದು ಆದಾಗ ಬೆರಳಚ್ಚು, ಕಣ್ಣಿನ ಗುರುತು ಅಪ್‌ಡೇಟ್ ಮಾಡಿಸಬೇಕು. ಕೈ ಮುಷ್ಟಿ ಬಿಚ್ಚದ, ಕಣ್ಣು ನಿಲ್ಲದ ಮಕ್ಕಳಿಗೆ ಅದು ಆಗುವುದಿಲ್ಲ. "ಬೆರಳು ಬೀಳುದಿಲ್ಲ, ಕೊಂಡು ಹೋಗಿ" ಎಂದು ವಾಪಸ್ ಕಳುಹಿಸಿದರೆ ಸುಮ್ಮನೆ ಬರಬೇಡಿ. ಅಂಥ ಮಕ್ಕಳಿಗೆ ಬಯೋಮೆಟ್ರಿಕ್ ವಿನಾಯಿತಿ ನಿಯಮದಲ್ಲೇ ಇದೆ, ಅದನ್ನು ಕೇಳಿ.

ಈಗ ಪಿಂಚಣಿಗೆ ಬರೋಣ. ಇದು ಕಂದಾಯ ಇಲಾಖೆಯದ್ದು. ಅರ್ಜಿ ನಾಡಕಚೇರಿಯಲ್ಲಿ. ಶೇ. 40ರಿಂದ 75ರ ಒಳಗಿನ ವೈಕಲ್ಯಕ್ಕೆ ತಿಂಗಳಿಗೆ 800 ರೂಪಾಯಿ, ಅದಕ್ಕಿಂತ ಹೆಚ್ಚಿದ್ದರೆ 1,400. ವಯಸ್ಸಿನ ಮಿತಿ ಇಲ್ಲ, ಮಗುವಿಗೂ ಸಿಗುತ್ತದೆ. ಆದರೆ ಆದಾಯ ವರ್ಷಕ್ಕೆ 32 ಸಾವಿರ ದಾಟಬಾರದು. ಲೆಕ್ಕ ಹಾಕಿದರೆ ದಿನಕ್ಕೆ 88 ರೂಪಾಯಿ ಕೂಡ ಇಲ್ಲ. ಬೀಡಿ ಕಟ್ಟುವ ಹೆಂಗಸು, ದಿನಗೂಲಿಗೆ ಹೋಗುವ ಗಂಡಸು ಇರುವ ಮನೆಯನ್ನು ಈ ಲೆಕ್ಕದೊಳಗೆ ಹೇಗೆ ಕೂರಿಸುವುದು? ಇಷ್ಟು ಕಡಿಮೆ ಮಿತಿ ಇಟ್ಟು, ಅದರ ಮೇಲೆ 800 ರೂಪಾಯಿ ಕೊಡುವುದು ನ್ಯಾಯ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಮಗುವಿನ ಡೈಪರಿಗೆ ಅದು ಅರ್ಧ ತಿಂಗಳಿಗೆ ಸಾಲದು. ಹಾಗೆಂದು ಬಿಡಬೇಕಾ? ಬಿಡಬಾರದು. ಪಟ್ಟಿಯಲ್ಲಿ ಇಲ್ಲದ ಮಗುವಿಗೆ ನಾಳೆ ಮೊತ್ತ ಹೆಚ್ಚಾದರೂ ಪ್ರಯೋಜನ ಇಲ್ಲ.

ಅರ್ಜಿಯ ಮೇಲೆ ಗ್ರಾಮ ಆಡಳಿತ ಅಧಿಕಾರಿ ವರದಿ ಬರೆಯುತ್ತಾರೆ. ಉಗ್ರಾಣಿ ಮನೆಗೆ ಬಂದಾಗ ಕಾಗದ ಎಲ್ಲ ಒಂದೇ ಚೀಲದಲ್ಲಿ ಇರಲಿ. ಅರ್ಜಿ ಸಂಖ್ಯೆಯ ಸ್ವೀಕೃತಿಯನ್ನು ಎಸೆಯಬೇಡಿ. ಹಣ ಬರುವುದು ಆಧಾರ್ ಜೋಡಣೆಯಾದ ಖಾತೆಗೆ. ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟರೆ ಮಾತ್ರ ಸಾಲದು, ಖಾತೆ ಎನ್‌ಪಿಸಿಐಗೆ ಮ್ಯಾಪ್ ಆಗಿದೆಯಾ ಎಂದು ಕೌಂಟರಿನಲ್ಲಿ ಕೇಳಿ. ಮಂಜೂರಾದ ಮೇಲೂ ಆರು ತಿಂಗಳು ಹಣ ಬರದೆ, ಕೊನೆಗೆ ನೋಡಿದರೆ ಎಂದೋ ತೆರೆದು ಮರೆತ ಬೇರೆ ಖಾತೆಗೆ ಹೋಗುತ್ತಿತ್ತು ಎಂಬಂಥ ಸಂಗತಿಗಳು ಉಂಟು.

ಬೆಳ್ತಂಗಡಿ ಕಡೆಯ ಕೊಕ್ಕಡ, ಪಟ್ರಮೆ, ನಿಡ್ಲೆ ಮುಂತಾದ, ಗೇರು ತೋಟಕ್ಕೆ ಎಂಡೋಸಲ್ಫಾನ್ ಸಿಂಪಡಿಸಿದ ಊರುಗಳ ಸಂತ್ರಸ್ತರಿಗೆ ಸರಕಾರದ ಮಾಸಾಶನ ಬೇರೆಯೇ ಇದೆ. ಅಲ್ಲಿಯವರು ಸಾಮಾನ್ಯ ಪಿಂಚಣಿಗೆ ಹಾಕುವ ಮುಂಚೆ ಅದನ್ನು ವಿಚಾರಿಸಿ.

ಇಷ್ಟೆಲ್ಲ ಓಡಾಟಕ್ಕೆ ಯಾರು ಸಿಗುತ್ತಾರೆ ಎನ್ನುವ ಉಮ್ಮಂದಿರಿಗೆ ಒಂದು ಉತ್ತರ ಉಂಟು. ಗ್ರಾಮ ಪಂಚಾಯತ್‌ಗಳಲ್ಲಿ ಇದಕ್ಕೆಂದೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ವಿ.ಆರ್.ಡಬ್ಲ್ಯೂ ಎಂದರೆ ಪಂಚಾಯತ್‌ನಲ್ಲಿ ತಿಳಿಯುತ್ತದೆ. ತಾಲೂಕಿಗೆ ಎಂ.ಆರ್.ಡಬ್ಲ್ಯೂ. ಇವರಲ್ಲಿ ಹೆಚ್ಚಿನವರು ಸ್ವತಃ ವಿಕಲಚೇತನರು, ಅಲೆದಾಟದ ಕಷ್ಟ ಗೊತ್ತಿರುವವರು. ಪಂಚಾಯತ್ ತನ್ನ ಅನುದಾನದಲ್ಲಿ ಶೇ. 5ನ್ನು ವಿಕಲಚೇತನರಿಗೆ ಖರ್ಚು ಮಾಡಬೇಕು ಎಂಬುದೂ ನೆನಪಿರಲಿ. ವೀಲ್‌ಚೇರ್, ಮನೆಯ ಶೌಚಾಲಯಕ್ಕೆ ರ‍್ಯಾಂಪ್, ಚಿಕಿತ್ಸೆಯ ನೆರವು ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬಹುದು. ನಮ್ಮ ಪಂಚಾಯತ್ ಸದಸ್ಯರು ಎಷ್ಟು ಜನ ಅದನ್ನು ಕೇಳುತ್ತಾರೋ!

ಬುದ್ಧಿಮಾಂದ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ವೈಕಲ್ಯ ಇರುವ ಮಕ್ಕಳಿಗೆ ನ್ಯಾಷನಲ್ ಟ್ರಸ್ಟಿನ ನಿರಾಮಯ ಎಂಬ ಆರೋಗ್ಯ ವಿಮೆ ಇದೆ. ವರ್ಷಕ್ಕೆ ಒಂದು ಲಕ್ಷ ರೂಪಾಯಿ ತನಕ. ಬಿಪಿಎಲ್‌ನವರಿಗೆ ಮೊದಲ ವರ್ಷ 250 ರೂಪಾಯಿ, ಎಪಿಎಲ್‌ಗೆ 500, ನವೀಕರಣಕ್ಕೆ ಅದಕ್ಕಿಂತ ಕಡಿಮೆ. ಇದರಲ್ಲಿ ಫಿಸಿಯೋಥೆರಪಿ, ಸ್ಪೀಚ್ ಥೆರಪಿ, ಹೊರರೋಗಿ ಚಿಕಿತ್ಸೆಯ ಖರ್ಚೂ ಸೇರುತ್ತದೆ. ಬೇರೆ ವಿಮೆಗಳಲ್ಲಿ ಇದು ಸಿಗುವುದು ಕಷ್ಟ. ಮೊದಲು ನಾವು ಕಟ್ಟಿ, ಬಿಲ್ಲು ಕೊಟ್ಟು ವಾಪಸ್ ಪಡೆಯಬೇಕು. ಹಾಗಾಗಿ ಬಿಲ್ಲು, ವೈದ್ಯರ ಚೀಟಿ ಎರಡನ್ನೂ ಫೈಲಿನಲ್ಲಿಡಿ. ದಾನಿಗಳಿಗೆ ನನ್ನ ಒಂದು ಬಿನ್ನಹ: ಊರಿನಲ್ಲಿ ಇಂಥ ಹತ್ತು ಮಕ್ಕಳಿದ್ದರೆ ಅವರ ನಿರಾಮಯ ಶುಲ್ಕ ಕಟ್ಟಿಬಿಡಿ. ಅಷ್ಟು ಕಡಿಮೆ ಹಣದಲ್ಲಿ ಅಷ್ಟು ದೊಡ್ಡ ಉಪಕಾರ ಬೇರೆ ಕಾಣುವುದಿಲ್ಲ.

ಶಾಲೆಯ ವಿಷಯದಲ್ಲಿ ಕಾನೂನು ಸ್ಪಷ್ಟ. ಶೇ. 40ರ ಮೇಲಿನ ವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದ ತನಕ ಹತ್ತಿರದ ಶಾಲೆಯಲ್ಲಾಗಲಿ, ಬೇಕಾದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕು ಇದೆ. ಹಾಸಿಗೆ ಬಿಟ್ಟು ಏಳಲಾಗದ ಮಗುವಿಗೆ ಮನೆಗೇ ಶಿಕ್ಷಕರು ಬರುವ ಗೃಹಾಧಾರಿತ ಶಿಕ್ಷಣ ಇದೆ, ಬ್ಲಾಕ್ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಕೇಳಬೇಕು. ಪ್ರಯಾಣದ ಪಾಸ್ ಮಾತ್ರ ನಮ್ಮ ಜಿಲ್ಲೆಯಲ್ಲಿ ಅರ್ಧ ಉಪಯೋಗ. ಅದು ಕೆಎಸ್ಸಾರ್ಟಿಸಿಗೆ, ಇಲ್ಲಿ ಓಡುವುದು ಹೆಚ್ಚು ಖಾಸಗಿ ಬಸ್. ಹತ್ತು ವರ್ಷದ ಮಗನನ್ನು ಸೊಂಟದಲ್ಲಿ ಕೂರಿಸಿಕೊಂಡು ಥೆರಪಿಗೆ ಹೋಗುವ ತಾಯಿಗೆ ಪಾಸ್ ಇದ್ದೂ ಟಿಕೆಟ್ ತೆಗೆಯದೆ ಗತಿಯಿಲ್ಲ. ಇದನ್ನು ಜನಪ್ರತಿನಿಧಿಗಳಿಗೆ ಹೇಳಬೇಕಾದವರು ನಾವೇ.

ಕೊನೆಗೆ ಎರಡು ದಿನಾಂಕ ಗುರುತು ಹಾಕಿಕೊಳ್ಳಿ. ಒಂದು, ಕಾರ್ಡಿನ ಅವಧಿ. ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ, ಅದು ಮುಗಿದರೆ ಪಿಂಚಣಿಯೂ ನಿಲ್ಲಬಹುದು. ಎರಡು ಮೂರು ತಿಂಗಳು ಮುಂಚೆಯೇ ನವೀಕರಣಕ್ಕೆ ಹಾಕಿ. ಇನ್ನೊಂದು, ಮಗುವಿಗೆ 18 ತುಂಬುವ ದಿನ. ಬೌದ್ಧಿಕ ನ್ಯೂನತೆ ಇರುವ ಮಗನೋ ಮಗಳೋ ಪ್ರಾಯಕ್ಕೆ ಬಂದ ಮೇಲೆ ತಂದೆತಾಯಿ ತನ್ನಿಂತಾನೇ ಕಾನೂನುಬದ್ಧ ಪೋಷಕರಾಗಿ ಉಳಿಯುವುದಿಲ್ಲ. ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಯ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಟ್ಟು ಪೋಷಕತ್ವ ಪಡೆಯಬೇಕು. ಬಾಪ ತೀರಿಕೊಂಡು ಆಸ್ತಿ ಪಾಲಾಗುವ ಹೊತ್ತಿಗೆ ಈ ಕಾಗದ ಇಲ್ಲದಿದ್ದರೆ, ಆ ಮಗುವಿನ ಪಾಲಿಗೆ ಸಹಿ ಹಾಕುವವರು ಯಾರು ಎಂಬ ಜಗಳ ಮನೆಯೊಳಗೇ ಶುರುವಾಗುತ್ತದೆ. ಹದಿನೇಳು ತುಂಬಿದ ವರ್ಷವೇ ವಿಚಾರಿಸಲು ಶುರು ಮಾಡಿ, ಜಿಲ್ಲಾ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಯಲ್ಲಿ ಕೇಳಿದರೆ ದಾರಿ ಹೇಳುತ್ತಾರೆ.