ಬೋರ್ಡ್ ಹೋದರೆ ವಿಂಡೋಸೂ ಹೋಗಬೇಕೇ?

ಮದರ್‌ಬೋರ್ಡ್ ಸುಟ್ಟ ಕಂಪ್ಯೂಟರನ್ನು ರಿಪೇರಿ ಅಂಗಡಿಗೆ ಒಯ್ದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ‘ಬೋರ್ಡ್ ಹೋಗಿದೆ ಸರ್, ಹೊಸದು ಹಾಕಿ ಫಾರ್ಮ್ಯಾಟ್ ಮಾಡಿ ಕೊಡ್ತೀವಿ.’ ಹೊಸ ಬೋರ್ಡ್ ಬೇಕೇ ಬೇಕು, ಸರಿ. ಆದರೆ ಫಾರ್ಮ್ಯಾಟ್ ಯಾಕೆ? ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರೂ ಒಟ್ಟಿಗೆ ಬದಲಾದರೂ ಹಳೆಯ ಡಿಸ್ಕ್‌ನಲ್ಲಿರುವ ವಿಂಡೋಸ್ 10 ಅಥವಾ 11 ಬಹುಪಾಲು ಸಲ ಹಾಗೆಯೇ ಶುರುವಾಗುತ್ತದೆ.

ಫಾರ್ಮ್ಯಾಟ್ ಮಾಡಿದರೆ ತೆರಬೇಕಾದ ಬೆಲೆ ಡಿಟಿಪಿ ಅಂಗಡಿ ನಡೆಸುವವರಿಗೆ ಚೆನ್ನಾಗಿ ಗೊತ್ತು. ಅವರ ಕಂಪ್ಯೂಟರಿನಲ್ಲಿ ಪೇಜ್‌ಮೇಕರ್ ಇರುತ್ತದೆ, ನುಡಿ ಇರುತ್ತದೆ, ಶ್ರೀಲಿಪಿ ಇರುತ್ತದೆ, ವರ್ಷಗಳಿಂದ ಒಂದೊಂದಾಗಿ ಕೂಡಿಹಾಕಿದ ಫಾಂಟ್‌ಗಳಿರುತ್ತವೆ. ಸಾಫ್ಟ್‌ವೇರ್ ಸಿಡಿ ಕಳೆದಿರುತ್ತದೆ, ಸೀರಿಯಲ್ ನಂಬರ್ ಬರೆದಿಟ್ಟ ಡೈರಿಯೂ ಸಿಗುವುದಿಲ್ಲ. ಯೂನಿಕೋಡ್ ಬರುವ ಮೊದಲಿನ ಲಗ್ನಪತ್ರಿಕೆ, ಸ್ಮರಣ ಸಂಚಿಕೆಗಳ ಫೈಲುಗಳನ್ನು ಅದದೇ ಫಾಂಟ್ ಇಲ್ಲದೆ ತೆರೆದರೆ ಅಲ್ಲಿ ಕನ್ನಡವೇ ಕಾಣದು. ‘ಡಾಟಾ ಬ್ಯಾಕಪ್ ತಗೊಂಡಿದ್ದೀವಿ’ ಎಂದು ಅಂಗಡಿಯವರು ಧೈರ್ಯ ಹೇಳಿದರೂ ಬ್ಯಾಕಪ್‌ನಲ್ಲಿ ಬರುವುದು ಫೈಲುಗಳು ಮಾತ್ರ. ಕೆಲಸಕ್ಕೆ ಒಗ್ಗಿಸಿಕೊಂಡ ಆ ಇಡೀ ವ್ಯವಸ್ಥೆ ಫಾರ್ಮ್ಯಾಟ್‌ನಲ್ಲಿ ಅಳಿಸಿಹೋಗುತ್ತದೆ. ಅದೂ ಒಂದು ಆಸ್ತಿ ಎಂದೇ ನಾನು ತಿಳಿದಿದ್ದೇನೆ.

ಫಾರ್ಮ್ಯಾಟ್ ಮಾಡುವ ರೂಢಿ ಸುಮ್ಮನೆ ಹುಟ್ಟಿದ್ದಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ, ತನ್ನನ್ನು ಹಾಕಿದ ದಿನವೇ ಆ ಬೋರ್ಡ್‌ನ ಸ್ವಭಾವ ನೋಡಿಕೊಂಡು ಅದಕ್ಕೆ ತಕ್ಕ ತಳಪದರವನ್ನು ಆರಿಸಿಕೊಳ್ಳುತ್ತಿತ್ತು. ಡಿಸ್ಕ್ ಓದಲು ಬೇಕಾದ ಡ್ರೈವರ್ ಕೂಡ ಆ ಬೋರ್ಡ್‌ನ ಕಂಟ್ರೋಲರ್‌ಗೆ ಹೊಂದಿದ್ದೇ. ಬೇರೆ ಚಿಪ್‌ಸೆಟ್‌ನ ಬೋರ್ಡ್‌ಗೆ ಅದೇ ಡಿಸ್ಕ್ ಸಿಕ್ಕಿಸಿದರೆ ನೀಲಿ ಪರದೆ, ಅದರಲ್ಲಿ 7ಬಿ ಎಂಬ ದೋಷದ ಸಂಖ್ಯೆ. ಡಿಸ್ಕ್ ಓದಬೇಕಾದರೆ ಹೊಸ ಡ್ರೈವರ್ ಬೇಕು, ಡ್ರೈವರ್ ಹಾಕಬೇಕಾದರೆ ಮೊದಲು ಡಿಸ್ಕ್ ಓದಬೇಕು: ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಜಡಿದಂತೆ. ಆ ಕಾಲದ ಮೆಕ್ಯಾನಿಕ್‌ಗಳು ಫಾರ್ಮ್ಯಾಟ್ ಮಾಡಿದ್ದರಲ್ಲಿ ತಪ್ಪು ಹುಡುಕಲಾಗದು.

ಆಮೇಲೆ ಕಾಲ ಬದಲಾಯಿತು. 2012ರ ವಿಂಡೋಸ್ 8ರ ಎಂಟರ್‌ಪ್ರೈಸ್ ಆವೃತ್ತಿಯಲ್ಲಿ ‘ವಿಂಡೋಸ್ ಟು ಗೋ’ ಎಂಬ ಸೌಲಭ್ಯವಿತ್ತು. ಪೆನ್‌ಡ್ರೈವ್‌ನಲ್ಲಿಟ್ಟ ಒಂದೇ ವಿಂಡೋಸನ್ನು ಬೇರೆ ಬೇರೆ ಕಂಪ್ಯೂಟರುಗಳಲ್ಲಿ ಬೂಟ್ ಮಾಡಬಹುದಿತ್ತು. ಮೊದಲ ಸಲ ಸಿಕ್ಕಿಸಿದಾಗ ಆ ಯಂತ್ರದ ಭಾಗಗಳನ್ನು ಗುರುತಿಸಿ, ತಕ್ಕ ಡ್ರೈವರ್ ಹಾಕಿಕೊಂಡು ಮುಂದುವರಿಯುತ್ತಿತ್ತು. ಆ ಸೌಲಭ್ಯ ಈಗ ಇಲ್ಲ, ಆದರೆ ಹೊಸ ಯಂತ್ರಕ್ಕೆ ಹೊಂದಿಕೊಳ್ಳುವ ಗುಣ ವಿಂಡೋಸ್‌ನಲ್ಲಿ ಉಳಿಯಿತು. ಇಂದು ಬೋರ್ಡ್ ಬದಲಿಸಿ ಸ್ವಿಚ್ ಹಾಕಿದರೆ ಕೆಲವು ನಿಮಿಷ ‘ಸಾಧನಗಳನ್ನು ಸಿದ್ಧಪಡಿಸುತ್ತಿದ್ದೇವೆ’ ಎಂದು ತೋರಿಸುತ್ತದೆ, ಒಂದೆರಡು ಸಲ ರೀಸ್ಟಾರ್ಟ್ ಆಗುತ್ತದೆ, ಕೊನೆಗೆ ಹಳೆಯ ಡೆಸ್ಕ್‌ಟಾಪ್ ಬರುತ್ತದೆ.

ಬಾರದಿದ್ದರೆ ನೋಡಬೇಕಾದ ಜಾಗಗಳು ಹೆಚ್ಚಿಲ್ಲ. ಹಳೆಯ ವಿಂಡೋಸ್ ಹಿಂದಿನ ಬಯೋಸ್ ಪದ್ಧತಿಯಲ್ಲಿದ್ದು ಹೊಸ ಬೋರ್ಡ್ ಯುಇಎಫ್‌ಐ ಮಾತ್ರ ಒಪ್ಪುವಂಥದ್ದಾದರೆ ಬೂಟ್ ಆಗುವುದಿಲ್ಲ. ಡಿಸ್ಕನ್ನು ಅಳಿಸದೆ ಪದ್ಧತಿ ಬದಲಿಸುವ ‘ಎಂಬಿಆರ್ ಟು ಜಿಪಿಟಿ’ ಎಂಬ ಉಪಕರಣವನ್ನು ಮೈಕ್ರೋಸಾಫ್ಟ್ 2017ರಿಂದ ವಿಂಡೋಸ್ ಜೊತೆಗೇ ಕೊಡುತ್ತಿದೆ. ಇನ್ನೊಂದು, ಡಿಸ್ಕ್ ಕಂಟ್ರೋಲರ್‌ನ ಮೋಡ್. ಹಳೆಯ ಬೋರ್ಡ್‌ನಲ್ಲಿ ಎಎಚ್‌ಸಿಐ ಇದ್ದು ಹೊಸದರಲ್ಲಿ ರೇಯ್ಡ್ ಅಥವಾ ಇಂಟೆಲ್‌ನ ವಿಎಂಡಿ ಆನ್ ಆಗಿದ್ದರೆ ಸೆಟಪ್‌ಗೆ ಹೋಗಿ ಹಿಂದಿನಂತೆ ಮಾಡಿದರೆ ಸಾಕು.

ವಿಂಡೋಸ್ 7ರಲ್ಲೇ ಉಳಿದವರ ಪಾಡು ಬೇರೆ. ಅದರ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ. ಯುಎಸ್‌ಬಿ 3ರ ಡ್ರೈವರ್ ಅದರಲ್ಲಿ ಮೂಲತಃ ಇಲ್ಲವೇ ಇಲ್ಲ. ಹೊಸ ಬೋರ್ಡ್‌ನಲ್ಲಿ ಹೇಗೋ ಶುರುವಾದರೂ ಕೀಬೋರ್ಡ್, ಮೌಸ್ ಸತ್ತಂತಿರುತ್ತವೆ. ಗುಂಡನೆಯ ಪಿನ್ನಿನ ಹಳೆಯ ಪಿಎಸ್/2 ಕೀಬೋರ್ಡ್ ಸಿಕ್ಕಿಸುವ ಜಾಗ ಬೋರ್ಡ್‌ನಲ್ಲಿದ್ದರೆ ಬಚಾವು. ಹಳೆಯ ಬೋರ್ಡ್ ಇನ್ನೂ ಬದುಕಿರುವಾಗಲೇ ವಿಂಡೋಸನ್ನು ಮೇಲಿನ ಆವೃತ್ತಿಗೆ ಏರಿಸಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು.

ಲಿನಕ್ಸ್ ಬಳಸುವವರಿಗೆ ಇಷ್ಟು ಚಿಂತೆಯಿಲ್ಲ. ಡೆಬಿಯನ್, ಉಬುಂಟುಗಳು ಬೂಟ್ ಹೊತ್ತಿಗೆ ಬೇಕಾಗುವ ಬಹುತೇಕ ಡ್ರೈವರ್‌ಗಳನ್ನು ಮೊದಲೇ ಕಟ್ಟಿಕೊಂಡಿರುತ್ತವೆ. ನೆಟ್‌ವರ್ಕ್ ಕಾರ್ಡ್‌ನ ಹೆಸರು ಬದಲಾಗಿ, ಸ್ಥಿರ ಐಪಿ ಕೊಟ್ಟ ಸರ್ವರ್ ಸಂಪರ್ಕಕ್ಕೆ ಸಿಗದೆ ಹೋಗುವುದುಂಟು. ಅದನ್ನೊಂದು ನೋಡಿಕೊಳ್ಳಬೇಕು.

ನಿಜವಾಗಿ ಎಡವಿಸುವುದು ಲೈಸೆನ್ಸ್ ಮತ್ತು ಬೀಗ. ವಿಂಡೋಸ್‌ನ ಡಿಜಿಟಲ್ ಲೈಸೆನ್ಸ್ ಮುಖ್ಯವಾಗಿ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುತ್ತದೆ. 2016ರಿಂದ ಅದನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಡಬಹುದು. ಜೋಡಿಸಿದ್ದರೆ, ಬೋರ್ಡ್ ಬದಲಾದ ಮೇಲೆ ಆಕ್ಟಿವೇಶನ್ ಟ್ರಬಲ್‌ಶೂಟರ್‌ನಲ್ಲಿ ‘ಹಾರ್ಡ್‌ವೇರ್ ಬದಲಿಸಿದ್ದೇನೆ’ ಎಂದು ಒತ್ತಿ ಮರಳಿ ಪಡೆಯಲು ದಾರಿಯಿದೆ. ಬಿಡಿಯಾಗಿ ಕೊಂಡ ರಿಟೇಲ್ ಲೈಸೆನ್ಸ್‌ಗೆ ಇದು ಸಲ್ಲುತ್ತದೆ. ಕಂಪ್ಯೂಟರಿನ ಜೊತೆಗೇ ಬಂದ ಒಇಎಂ ಲೈಸೆನ್ಸ್ ಆ ಯಂತ್ರದ್ದೇ. ಟ್ಯಾಲಿ ಬಳಸುವ ವ್ಯಾಪಾರಿಗಳು ಕೆಲಸಕ್ಕೆ ಕೈಹಾಕುವ ಮೊದಲೇ ಲೈಸೆನ್ಸನ್ನು ಸರೆಂಡರ್ ಮಾಡಿ, ಆಮೇಲೆ ಮತ್ತೆ ಆಕ್ಟಿವೇಟ್ ಮಾಡಿಕೊಂಡರೆ ತಲೆನೋವು ತಪ್ಪುತ್ತದೆ.

ಬೀಗದ ಸಂಗತಿ ಇದಕ್ಕಿಂತ ಗಂಭೀರ. ವಿಂಡೋಸ್ 11ರ 2024ರ ಆವೃತ್ತಿಯಿಂದ, ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದರೆ ಡಿಸ್ಕ್ ಎನ್‌ಕ್ರಿಪ್ಷನ್ ಬಹುಪಾಲು ಕಂಪ್ಯೂಟರುಗಳಲ್ಲಿ ತಾನಾಗಿಯೇ ಆನ್ ಆಗುತ್ತದೆ. ಎಷ್ಟೋ ಜನರಿಗೆ ಇದು ತಿಳಿದೇ ಇಲ್ಲ. ಆ ಬೀಗ ತೆಗೆಯುವ ಗುಟ್ಟು ಬೋರ್ಡ್ ಅಥವಾ ಪ್ರೊಸೆಸರ್‌ನಲ್ಲಿರುವ ಟಿಪಿಎಂ ಎಂಬ ಭದ್ರತಾ ಭಾಗದಲ್ಲಿರುತ್ತದೆ. ಅದು ಬದಲಾದರೆ ವಿಂಡೋಸ್ 48 ಅಂಕೆಗಳ ರಿಕವರಿ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ಡಿಸ್ಕ್ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಒಳಗಿನದು ಯಾರಿಗೂ ಸಿಗದು, ಯಾವ ಅಂಗಡಿಯವರಿಗೂ ತೆಗೆಯಲಾಗದು. ಬದಲಾವಣೆ ನೀವೇ ಯೋಚಿಸಿ ಮಾಡುತ್ತಿದ್ದರೆ ಮೊದಲು ಬಿಟ್‌ಲಾಕರ್ ಎಂಬ ಈ ಬೀಗವನ್ನು ತಾತ್ಕಾಲಿಕವಾಗಿ ನಿಲ್ಲಿಸಿ. ಕೆಟ್ಟುಹೋದ ಮೇಲೆ ಆ ಅವಕಾಶ ಇರುವುದಿಲ್ಲ.

ಡಿಸ್ಕೇ ಕೆಡುತ್ತಿದ್ದರೆ, ವೈರಸ್ ತುಂಬಿದ್ದರೆ, ಮೊದಲಿನಿಂದಲೂ ತಡವರಿಸುತ್ತಿದ್ದ ವಿಂಡೋಸ್ ಆಗಿದ್ದರೆ ಹೊಸದಾಗಿ ಹಾಕುವುದೇ ಸರಿ. ಉಳಿದವರು ಅಂಗಡಿಯಲ್ಲಿ ಎರಡು ಮಾತು ಕಟ್ಟುನಿಟ್ಟಾಗಿ ಹೇಳಿ: ಮೊದಲು ಡಿಸ್ಕ್‌ನ ಪೂರ್ತಿ ಪ್ರತಿ ತೆಗೆಯಿರಿ, ಆಮೇಲೆ ಹಳೆಯ ಡಿಸ್ಕನ್ನೇ ಹಾಕಿ ಬೂಟ್ ಮಾಡಿ ನೋಡಿ. ಹಾಗೆಯೇ ಇವತ್ತೇ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಆ 48 ಅಂಕೆಗಳು ಇವೆಯೇ ನೋಡಿ, ಇದ್ದರೆ ಕಾಗದದ ಮೇಲೆ ಬರೆದು ಮನೆಯ ಮುಖ್ಯ ದಾಖಲೆಗಳ ಜೊತೆ ಇಡಿ.