ಅಲ್ಪಾವಧಿ ಸ್ಮರಣೆ ಮತ್ತು ಜಾಲತಾಣ ವಿನ್ಯಾಸ

ಅಲ್ಪಾವಧಿ ಸ್ಮರಣೆ ಎಂದರೆ ಈಗತಾನೆ ಕಂಡ ಅಥವಾ ಕೇಳಿದ ಸಂಗತಿಯನ್ನು ಕೆಲವು ಕ್ಷಣಗಳ ಮಟ್ಟಿಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ. ಜಾಲತಾಣಗಳ ವಿನ್ಯಾಸಕ್ಕೆ ಆಧಾರವಾಗಿರುವ ಮನೋವೈಜ್ಞಾನಿಕ ತತ್ತ್ವಗಳಲ್ಲಿ ಈ ಶಕ್ತಿಯ ಮಿತಿಯೂ ಒಂದು. ತಪ್ಪಾಗಿ ಅನ್ವಯಿಸಲಾಗುತ್ತಿರುವ ತತ್ತ್ವಗಳಲ್ಲಿಯೂ ಇದು ಸೇರಿದೆ.

ಹಿನ್ನೆಲೆ

ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಎ. ಮಿಲ್ಲರ್ 1956ರಲ್ಲಿ 'ಸೈಕಲಾಜಿಕಲ್ ರಿವ್ಯೂ' ನಿಯತಕಾಲಿಕದಲ್ಲಿ ಪ್ರಕಟಿಸಿದ ಲೇಖನವು ಏಳನ್ನು 'ಮಾಂತ್ರಿಕ ಸಂಖ್ಯೆ' ಎಂದು ಕರೆಯಿತು. ಒಮ್ಮೆ ಕೇಳಿದ ಅಂಕಿಗಳನ್ನು ಅದೇ ಕ್ರಮದಲ್ಲಿ ಒಪ್ಪಿಸಬೇಕಾದಾಗ ವಯಸ್ಕರು ಸಾಮಾನ್ಯವಾಗಿ ಸುಮಾರು ಏಳು ಅಂಕಿಗಳನ್ನು ಹೇಳಬಲ್ಲರು; ಒಂದೆರಡು ಹೆಚ್ಚಾಗಬಹುದು, ಕಡಿಮೆಯೂ ಆಗಬಹುದು. ಆದರೆ ಆ ಲೇಖನದ ತಿರುಳು ಸಂಖ್ಯೆಯಲ್ಲಿಲ್ಲ. ಮನಸ್ಸು ಬಿಡಿ ಅಂಕಿಗಳನ್ನಲ್ಲ, ಗುಚ್ಛಗಳನ್ನು ಹಿಡಿದಿಡುತ್ತದೆ ಎಂಬುದು ಅದರ ಮುಖ್ಯ ವಿಚಾರ. 1947 ಎಂಬುದರಲ್ಲಿ ನಾಲ್ಕು ಅಂಕಿಗಳಿವೆ. ಭಾರತದ ಸ್ವಾತಂತ್ರ್ಯದ ವರ್ಷವನ್ನು ಬಲ್ಲವರಿಗೆ ಅದು ಒಂದೇ ಗುಚ್ಛ. ಹೀಗೆ ಗುಚ್ಛಗೊಳಿಸಲು ಅಥವಾ ಮನಸ್ಸಿನಲ್ಲೇ ಪುನರುಚ್ಚರಿಸಲು ಅವಕಾಶವಿಲ್ಲದಿದ್ದರೆ ಮಿತಿಯು ನಾಲ್ಕರ ಆಸುಪಾಸಿಗೆ ಇಳಿಯುತ್ತದೆ ಎಂದು ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದರು.

ತಪ್ಪು ಅನ್ವಯ

ಜಾಲಪುಟದ ಮೆನುವಿನಲ್ಲಿ ಏಳಕ್ಕಿಂತ ಹೆಚ್ಚು ಆಯ್ಕೆಗಳಿರಬಾರದು ಎಂಬ ಸಲಹೆಯನ್ನು ಮಿಲ್ಲರ್ ಅವರ ಹೆಸರಿನಲ್ಲಿ ನೀಡುವುದುಂಟು. ಇದಕ್ಕೆ ಆ ಲೇಖನದಲ್ಲಿ ಆಧಾರವಿಲ್ಲ. ಹೋಟೆಲಿನಲ್ಲಿ ಮಾಣಿಯು ಒಂದೇ ಉಸಿರಿಗೆ ಹೇಳಿ ಮುಗಿಸುವ ತಿಂಡಿಗಳ ಪಟ್ಟಿಯನ್ನು ಗಿರಾಕಿ ನೆನಪಿಟ್ಟುಕೊಳ್ಳಬೇಕು. ಗೋಡೆಯ ಫಲಕದಲ್ಲಿ ಬರೆದ ಪಟ್ಟಿಯನ್ನು ಓದಿದರೆ ಸಾಕು. ಪರದೆಯ ಮೇಲಿನ ಮೆನು ಫಲಕದಂತಹುದು. ದೂರವಾಣಿಯಲ್ಲಿ 'ಒಂದನ್ನು ಒತ್ತಿ, ಎರಡನ್ನು ಒತ್ತಿ' ಎಂದು ಕೇಳಿಬರುವ ಧ್ವನಿಯು ಮಾಣಿಯಂತಹುದು. ನೆನಪಿಸಿಕೊಳ್ಳುವುದಕ್ಕಿಂತ ಗುರುತಿಸುವುದು ಸುಲಭವಾದ್ದರಿಂದ, ಜೇಕಬ್ ನೀಲ್ಸನ್ ಅವರ 1994ರ ಹತ್ತು ವಿನ್ಯಾಸ ಸೂತ್ರಗಳಲ್ಲಿ ಇದಕ್ಕೇ ಒಂದು ಸ್ಥಾನವಿದೆ. ಏಳರ ಲೆಕ್ಕಕ್ಕಾಗಿ ಬೇಕಾದ ಕೊಂಡಿಗಳನ್ನು ಒಳಪುಟಗಳಲ್ಲಿ ಅಡಗಿಸಿದರೆ, ಅವು ಎಲ್ಲಿವೆ ಎಂಬುದನ್ನು ಬಳಕೆದಾರರೇ ನೆನಪಿಡಬೇಕಾಗುತ್ತದೆ.

ಸ್ಮರಣೆಗೆ ಹೊರೆಯಾಗುವ ಸಂದರ್ಭಗಳು

ಒಂದು ಪುಟದಲ್ಲಿ ಕಂಡದ್ದನ್ನು ಇನ್ನೊಂದು ಪುಟಕ್ಕೆ ಮನಸ್ಸಿನಲ್ಲೇ ಹೊತ್ತೊಯ್ಯಬೇಕಾದಾಗ ಮಿತಿಯು ನಿಜವಾಗಿ ಬಾಧಿಸುತ್ತದೆ. ಮೊಬೈಲಿಗೆ ಬಂದ ಆರು ಅಂಕಿಗಳ ಒಟಿಪಿಯನ್ನು ಓದಿ, ಹಿಂದಿನ ಪುಟಕ್ಕೆ ಮರಳಿ, ಗಡುವು ಮುಗಿಯುವುದರೊಳಗೆ ತುಂಬುವುದು ಇದಕ್ಕೆ ಪರಿಚಿತ ಉದಾಹರಣೆ. ಇಲ್ಲಿ ತಡವರಿಸುವ ಹಿರಿಯರಿಗೆ ಕೈತಪ್ಪುವುದು ಬರಿಯ ಸೌಕರ್ಯವಲ್ಲ, ಹಲವು ಸಲ ಸೇವೆಯೇ. ನಮೂನೆಯ ಚೌಕದೊಳಗೆ ಬರೆದಿದ್ದು, ಬೆರಳಚ್ಚಿಸತೊಡಗಿದೊಡನೆ ಮಾಯವಾಗುವ ಸೂಚನೆಗಳೂ ಇದೇ ಬಗೆಯ ತೊಡಕುಗಳು. ಆಧಾರ್ ಕಾರ್ಡಿನಲ್ಲಿ 12 ಅಂಕಿಗಳನ್ನು ನಾಲ್ಕು ನಾಲ್ಕಾಗಿ ಬಿಡಿಸಿ ಮುದ್ರಿಸಿರುವುದು ಗುಚ್ಛತತ್ತ್ವಕ್ಕೆ ಒಪ್ಪುವ ಕ್ರಮ. ಅದನ್ನು ನೋಡಿ ಅಂತೆಯೇ ಬರೆದವರಿಗೆ 'ನಡುವೆ ಜಾಗ ಬಿಡಬೇಡಿ' ಎನ್ನುವ ನಮೂನೆಯು ಆ ಅನುಕೂಲವನ್ನು ಕಸಿದುಕೊಳ್ಳುತ್ತದೆ. ಜಾಗವನ್ನು ಗಣಕವೇ ತೆಗೆದುಹಾಕಬಲ್ಲುದು.

ಡಬ್ಲ್ಯು3ಸಿ ಸಂಸ್ಥೆಯು 2023ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ಡಬ್ಲ್ಯುಸಿಎಜಿ 2.2 ಮಾರ್ಗಸೂಚಿಯು, ಲಾಗಿನ್ ಆಗಲು ನೆನಪಿನ ಪರೀಕ್ಷೆಯೊಂದೇ ದಾರಿಯಾಗಿರಬಾರದು ಎನ್ನುತ್ತದೆ. ಗುಪ್ತಪದವನ್ನು ನಕಲಿಸಿ ಅಂಟಿಸಲು ಅಥವಾ ಬ್ರೌಸರ್ ತಾನೇ ತುಂಬಲು ಬಿಡುವುದು ಈ ನಿಯಮವನ್ನು ಪಾಲಿಸುವ ಸರಳ ಮಾರ್ಗಗಳು.