ಗಡ್ಡೆ ಕರಗಿದರೂ ಚಿಕಿತ್ಸೆ ನಿಲ್ಲಿಸಬಾರದೇಕೆ?

ಹೆರಿಗೆಯೋ ಗರ್ಭಪಾತವೋ ಆಗಿ ತಿಂಗಳುಗಳು ಕಳೆದರೂ ರಕ್ತಸ್ರಾವ ನಿಲ್ಲದಿದ್ದರೆ ಅದನ್ನು ಅಲಕ್ಷಿಸಬಾರದು. ಹೆಚ್ಚಿನವರಲ್ಲಿ ಕಾರಣ ಸಾಮಾನ್ಯವಾದುದೇ. ಆದರೆ ಅಪರೂಪಕ್ಕೊಮ್ಮೆ ಅದು ಕೋರಿಯೋಕಾರ್ಸಿನೋಮ ಎಂಬ ಕ್ಯಾನ್ಸರಿನ ಸೂಚನೆಯಾಗಿರಬಹುದು.

ಮಗುವಿಗೆ ಆಹಾರ ಒದಗಿಸುವ ಮಾಸು ರೂಪುಗೊಳ್ಳುವ ಜೀವಕೋಶಗಳೇ ಹತೋಟಿ ತಪ್ಪಿ ಬೆಳೆದಾಗ ಈ ಕಾಯಿಲೆ ಉಂಟಾಗುತ್ತದೆ. ಗರ್ಭದಲ್ಲಿ ದ್ರಾಕ್ಷಿ ಗೊಂಚಲಿನಂಥ ಗುಳ್ಳೆಗಳು ಬೆಳೆದಿದ್ದವರಲ್ಲಿ ಇದರ ಸಂಭವ ಹೆಚ್ಚು. ಶ್ವಾಸಕೋಶಕ್ಕೆ ಹರಡಿದರೆ ಕೆಮ್ಮು, ಕಫದಲ್ಲಿ ರಕ್ತ ಕಾಣಬಹುದು.

ಗಾಬರಿಗೆ ಕಾರಣವಿಲ್ಲ. ಔಷಧಿಯಿಂದಲೇ ಪೂರ್ತಿ ವಾಸಿಯಾಗುವ ಕ್ಯಾನ್ಸರುಗಳಲ್ಲಿ ಇದಕ್ಕೆ ಮೊದಲ ಸ್ಥಾನ. ಅಪಾಯ ಕಡಿಮೆಯಿರುವ ಹಂತದಲ್ಲಿ ಹೆಚ್ಚುಕಡಿಮೆ ಎಲ್ಲರೂ ಗುಣಮುಖರಾಗುತ್ತಾರೆ. ಇವರಿಗೆ ಸಾಮಾನ್ಯವಾಗಿ ಮೆಥೊಟ್ರೆಕ್ಸೇಟ್ ಎಂಬ ಒಂದೇ ಔಷಧಿ ಸಾಕು. ಒಂದು ಪದ್ಧತಿಯಲ್ಲಿ ದಿನ ಬಿಟ್ಟು ದಿನ ನಾಲ್ಕು ಇಂಜೆಕ್ಷನ್, ನಡುವಿನ ದಿನಗಳಲ್ಲಿ ಅದರ ತೀಕ್ಷ್ಣತೆ ತಗ್ಗಿಸುವ ಫೋಲಿನಿಕ್ ಆಮ್ಲ, ಆಮೇಲೆ ಬಿಡುವು. ಎರಡು ವಾರಕ್ಕೊಮ್ಮೆ ಇದೇ ಸುತ್ತು.

ರೋಗಿಗೆ ಆಗುವ ತೊಂದರೆಗಳೇನು? ಬಾಯಿಹುಣ್ಣು, ಕಣ್ಣುರಿ, ಸುಸ್ತು. ಮೊಸರನ್ನ, ಗಂಜಿಯಂಥ ಖಾರವಿಲ್ಲದ ಮೆತ್ತನೆಯ ಆಹಾರ ಹಿತ. ನೀರು ಧಾರಾಳವಾಗಿ ಕುಡಿಯಬೇಕು. ಈ ಒಂದೇ ಔಷಧಿಯಿಂದ ಕೂದಲು ಉದುರುವುದು ಕಡಿಮೆ. ರೋಗ ಹೆಚ್ಚು ಹರಡಿದ್ದರೆ ಹಲವು ಔಷಧಿಗಳನ್ನು ಜೊತೆಯಾಗಿ ಕೊಡಬೇಕಾಗುತ್ತದೆ. ಆಗ ಕೂದಲು ಉದುರುತ್ತದೆ, ವಾಂತಿಯೂ ಆಗಬಹುದು. ಕೂದಲು ಮತ್ತೆ ಬೆಳೆಯುತ್ತದೆ. ಬಿಳಿ ರಕ್ತಕಣಗಳು ಇಳಿಯುವುದರಿಂದ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಧಾವಿಸಿ. ವೈದ್ಯರನ್ನು ಕೇಳದೆ ನೋವಿನ ಮಾತ್ರೆ, ಫೋಲಿಕ್ ಆಮ್ಲದ ಮಾತ್ರೆ ನುಂಗಬೇಡಿ.

ಕೆಲವು ಸುತ್ತು ಮುಗಿಯುವಷ್ಟರಲ್ಲಿ ರಕ್ತಸ್ರಾವ ನಿಂತು, ಎಕ್ಸ್-ರೇಯಲ್ಲಿ ಗಡ್ಡೆ ಮಾಯವಾಗಿರುತ್ತದೆ. 'ಇನ್ನು ಈ ಸಂಕಟ ಸಾಕು' ಎಂದು ಮನೆಯವರಿಗೂ ಅನ್ನಿಸುತ್ತದೆ. ಎಡವುವುದು ಇಲ್ಲೇ. ಈ ಗಡ್ಡೆ ಎಚ್.ಸಿ.ಜಿ. ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಬಸಿರನ್ನು ಪತ್ತೆ ಮಾಡುವ ಮೂತ್ರಪರೀಕ್ಷೆ ಗುರುತಿಸುವುದೂ ಇದನ್ನೇ. ಕಣ್ಣಿಗೆ ಕಾಣದಷ್ಟು ಕೋಶಗಳು ಉಳಿದಿದ್ದರೂ ರಕ್ತಪರೀಕ್ಷೆಯಲ್ಲಿ ಇದರ ಸುಳಿವು ಸಿಗುತ್ತದೆ.

1956ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವೈದ್ಯರಾದ ಮಿನ್ ಚಿಯು ಲಿ ಮತ್ತು ರಾಯ್ ಹರ್ಟ್ಜ್ ಈ ಔಷಧಿಯನ್ನು ಇಂಥ ರೋಗಿಗಳಿಗೆ ಕೊಟ್ಟರು. ಗಡ್ಡೆ ಮರೆಯಾದರೂ ಹಾರ್ಮೋನು ಉಳಿದಿದ್ದುದರಿಂದ ಲಿ ಚಿಕಿತ್ಸೆ ಮುಂದುವರಿಸಿದರು. ಸಹೋದ್ಯೋಗಿಗಳಿಗೆ ಇದು ಅತಿಯೆನಿಸಿತು. ಆದರೆ ಕಾಲ ಅವರ ಪರವಾಗಿ ತೀರ್ಪಿತ್ತಿತು. 1972ರಲ್ಲಿ ಇಬ್ಬರಿಗೂ ಲಾಸ್ಕರ್ ಪ್ರಶಸ್ತಿ ಸಂದಿತು.

ಹಾರ್ಮೋನು ಸಹಜ ಮಟ್ಟಕ್ಕಿಳಿದ ಮೇಲೂ ಸಾಮಾನ್ಯವಾಗಿ ಆರು ವಾರ ಔಷಧಿ ಮುಂದುವರಿಯುತ್ತದೆ. ಪರೀಕ್ಷೆಗೂ ಸಿಗದ ಕೋಶಗಳು ಉಳಿಯದಿರಲೆಂದೇ ಈ ಎಚ್ಚರಿಕೆ. ಚಿಕಿತ್ಸೆ ಮುಗಿದ ನಂತರ ಒಂದು ವರ್ಷ ಗರ್ಭ ಧರಿಸಬಾರದು. ಧರಿಸಿದರೆ ಹಾರ್ಮೋನು ಏರಿದ್ದು ಬಸಿರಿನಿಂದಲೋ ರೋಗದಿಂದಲೋ ತಿಳಿಯದು. ಆ ವರ್ಷ ಕಳೆದರೆ ಬಹುಪಾಲು ಮಹಿಳೆಯರು ಮತ್ತೆ ತಾಯಿಯಾಗಬಲ್ಲರು. ಕೊನೆಯ ಇಂಜೆಕ್ಷನ್‌ವರೆಗೆ ಅವರ ಜೊತೆಗೆ ನಿಲ್ಲುವುದು ಮನೆಯವರ ಪಾಲಿನ ಚಿಕಿತ್ಸೆ.